ಟವೆಲ್ ಇಲ್ಲದ ಚೌಕಾಸಿ

ನಮ್ಮವ್ವ ದಾವಣಗೆರೆಯ ಗಡಿಯಾರ ಕಂಬದ ಹತ್ತಿರ ಬದನೆಕಾಯಿ ಕೊಳ್ಳುವುದನ್ನು ನೀವು ನೋಡಬೇಕು. ಮೊದಲು ಕಾಯಿಯಲ್ಲಿ ಹುಳುಕು ಹುಡುಕುತ್ತಾಳೆ, ಆಮೇಲೆ ಬೆಲೆಯಲ್ಲಿ. ಕೊನೆಗೆ ಬೇಡವೇ ಬೇಡ ಎಂದು ಹೊರಟುಬಿಡುತ್ತಾಳೆ. ಏಳನೇ ಹೆಜ್ಜೆಗೆ "ಬಾ ಅಕ್ಕಾ, ತಗೊಂಡ್ ಹೋಗು" ಎಂಬ ಕೂಗು ಬರುತ್ತದೆ. ಇಂಥವಳ ಮಗ, ಅದೂ ಚೌಕಿಪೇಟೆ ಪಕ್ಕದಲ್ಲಿ ಬೆಳೆದವನು, ಚೌಕಾಸಿಯಲ್ಲಿ ಶುದ್ಧ ದಡ್ಡ ಎಂದರೆ ಯಾರು ನಂಬುತ್ತಾರೆ?

ಹರಿಹರದ ಒಂದು ಕಾರ್ಖಾನೆಯಲ್ಲಿ (ಹೆಸರು ಬೇಡ, ಇನ್ನೂ ಅಲ್ಲೇ ಅನ್ನ ಹುಟ್ಟಬೇಕು) ಲೆಕ್ಕಪತ್ರ ವಿಭಾಗಕ್ಕೆ ಸಂದರ್ಶನ. ಮಾತೆಲ್ಲ ಮುಗಿದು ಚಾ ಬಂದ ಮೇಲೆ ಎಚ್.ಆರ್. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, "ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು?" ಎಂದರು. ಮೂವತ್ತೈದು ಸಾವಿರ ಎಂದು ಕನ್ನಡಿ ಮುಂದೆ ಹನ್ನೊಂದು ಸಲ ಹೇಳಿಕೊಂಡು ಹೋಗಿದ್ದೆ. ಬಾಯಿಂದ ಉದುರಿದ್ದು, "ನೀವು ಹೆಂಗ್ ಹೇಳ್ತೀರೋ ಹಂಗೆ ಸರ್."

ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರಲ್ಲ, ಅದೆಷ್ಟು ಮರ್ಯಾದಸ್ಥ ಪದ್ಧತಿ ಎಂದು ಅವತ್ತು ಅರ್ಥವಾಯಿತು. ಆ ಮೇಜಿನ ಮೇಲೊಂದು ಟವೆಲ್ ಇದ್ದಿದ್ದರೆ ನಾನೂ ಮೂರು ಬೆರಳು, ಮತ್ತೆ ಐದು ಬೆರಳು ಅದುಮಿ, ಗಂಭೀರವಾಗಿ ಚಾ ಕುಡಿದು ಬರುತ್ತಿದ್ದೆ.

ಆಫರ್ ಲೆಟರ್ ಬಂತು. ವರ್ಷಕ್ಕೆ 3.6 ಲಕ್ಷ ಸಿಟಿಸಿ. ಅವ್ವ ಹನ್ನೆರಡರಿಂದ ಭಾಗಿಸಿ, ಮೂವತ್ತು ಸಾವಿರ ಎಂದು ಹಿಗ್ಗಿ ಬೆಣ್ಣೆದೋಸೆ ತರಿಸಿದಳು. ದೋಸೆ ಮುಗಿಯುವುದರೊಳಗೆ ನನ್ನ ಲೆಕ್ಕವೂ ಮುಗಿಯಿತು. ವರ್ಷದ ಕೊನೆಗೆ 'ಸಾಧನೆ ನೋಡಿ' ಕೊಡುವ ಮೊತ್ತಕ್ಕೆಂದು ತಿಂಗಳಿಗೆ 3,000 ಕಳೆಯಿರಿ. ಮೂಲ ವೇತನ 15,000ಕ್ಕೆ ಶೇ. 12ರಂತೆ ಪಿ.ಎಫ್., ನನ್ನ ಪಾಲು 1,800. ಕಂಪನಿಯ ಪಾಲು 1,800 ಕೂಡ ನನ್ನ ಸಿಟಿಸಿಯಿಂದಲೇ! ಐದು ವರ್ಷ ದುಡಿದ ಮೇಲಿನ ಗ್ರಾಚ್ಯುಟಿಗೆಂದು 721. ಕೈಗೆ ಉಳಿದದ್ದು 22,679. ಹಳೇ ಕೆಲಸದಲ್ಲಿ 21,500 ಬರುತ್ತಿತ್ತು. ಹೆಚ್ಚಾದ 1,179 ದಾವಣಗೆರೆ-ಹರಿಹರ ಬಸ್ಸಿಗೆ ಸರಿಹೋದೀತು, ಮಿರ್ಚಿ ಮಂಡಕ್ಕಿಗೆ ಮತ್ತೆ ಅವ್ವನ ಹತ್ತಿರವೇ ಕೈಚಾಚಬೇಕು. 1224ರಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ಮೂರ್ತಿ, ಅರ್ಧ ಶಿವ, ಅರ್ಧ ವಿಷ್ಣು. ಆ ಊರಿನ ಆಫರ್ ಲೆಟರ್ ಕೂಡ ಹಾಗೇ. ಅರ್ಧ ಪಾಲನೆ ಮಾಡುತ್ತದೆ, ಅರ್ಧ ಲಯ.

ಹರಿಹರದ ದೊಡ್ಡಪ್ಪನಿಗೆ ಹೇಳಿದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮುಂದೆ ಆಯುಷ್ಯ ಸವೆಸಿದವರು.

"ನೀವು ಸಂಬಳ ಹೆಂಗ್ ಕೇಳ್ತಿದ್ರಿ ದೊಡ್ಡಪ್ಪ?"

"ನಾವ್ಯಾಕೋ ಕೇಳೋಣ? ಕೇಳಾಕೆ ಯೂನಿಯನ್ ಇತ್ತಲ್ಲ. ನಾವು ಗೇಟ್ ಮುಂದೆ ನಿಂತು ಜೈ ಅಂದ್ರೆ ಸಾಕಿತ್ತು."

ಆ ಕಾರ್ಖಾನೆಯೂ ಮುಚ್ಚಿತು. ಈಗ ನನಗೆ ಜೈ ಅನ್ನಬೇಕಾದವನೂ ನಾನೇ. "ದಯವಿಟ್ಟು ಮರುಪರಿಶೀಲಿಸಿ" ಎಂದು ಒಂದು ಮೇಲ್ ಕಳಿಸಿದೆ. ಕಳಿಸಿದ ಮೇಲೆ ಎರಡು ದಿನ ಜ್ವರ.

ಮೂರನೇ ದಿನ ರಾಣೆಬೆನ್ನೂರಿಗೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಹರಿಹರ ದಾಟುವಾಗ ಸಾಹೇಬರ ಫೋನು.

"ಮೇಲ್ ನೋಡ್ದೆ. ನಮ್ ಬಜೆಟ್ಟೇ ಇಷ್ಟು ಕಣ್ರಿ. ಏನಂತೀರಿ?"

"ಆಯ್ತು ಸರ್" ಎಂದೆ. ಅಷ್ಟರಲ್ಲಿ ಬಸ್ಸು ತುಂಗಭದ್ರೆಯ ಸೇತುವೆ ಹತ್ತಿತ್ತು, ಸಿಗ್ನಲ್ ಹೊಳೆ ಪಾಲಾಗಿತ್ತು. ನನ್ನ ಮೂರು 'ಆಯ್ತು ಸರ್'ಗಳೂ ಅದರ ಹಿಂದೆಯೇ ಹೋದವು. ಆ ದಡ ಮುಟ್ಟುವ ಹೊತ್ತಿಗೆ ಧ್ವನಿ ಮರಳಿ ಬಂತು: "...ಹಿಂಗ್ ಸುಮ್ನಾದ್ರೆ ಹೆಂಗ್ರಿ? ಸರಿ, ತಿಂಗಳಿಗೆ ಇನ್ನೆರಡು ಸಾವಿರ ಹಾಕ್ತೀನಿ. ಇದೇ ಕೊನೇ ಮಾತು. ಭಾರೀ ಗಟ್ಟಿ ಆಸಾಮಿ ನೀವು!"

ರಾತ್ರಿ ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವ ಸೊಪ್ಪು ಸೋಸುತ್ತಾ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತದೆ ಅಂದಳು:

"ಆ ಸೇತುವೆ ಇನ್ನೊಂಚೂರು ಉದ್ದ ಇರಬಾರದಿತ್ತೇನೋ?"