ಲೂಕುಸ್ ಶಬ್ದ ನಿಷ್ಪತ್ತಿ ವಿಚಾರ: ಪೂರ್ವಪಕ್ಷ, ಉತ್ತರಪಕ್ಷ ಮತ್ತು ದಂಡ

ಲ್ಯಾಟಿನ್ನಿನಲ್ಲಿ ‘ಲೂಕುಸ್’ ಎಂದರೆ ದೇವರಕಾಡು. ‘ಲೂಕ್ಸ್’ ಎಂದರೆ ಬೆಳಕು. ಇವೆರಡರ ನಂಟಿನ ವ್ಯಾಜ್ಯ ಈಗ ಇತ್ಯರ್ಥವಾಗಿದೆ ಎನ್ನುತ್ತಾರೆ. ಹಾಗೆಲ್ಲ ಇತ್ಯರ್ಥವಾಗಿಬಿಟ್ಟರೆ ಸಂಶೋಧಕರ ಹೊಟ್ಟೆಪಾಡೇನು ಎಂಬ ಉದಾತ್ತ ಚಿಂತೆಯೇ ಈ ಪ್ರಬಂಧಕ್ಕೆ ಪ್ರೇರಣೆ.

ಪೂರ್ವಪಕ್ಷ ಹೀಗಿದೆ: ದೇವರಕಾಡಿನೊಳಗೆ ಬೆಳಕು ಬೀಳುವುದಿಲ್ಲ, ಆದಕಾರಣ ಅದಕ್ಕೆ ಬೆಳಕಿನ ಹೆಸರು! ಕ್ರಿ.ಶ. 1ನೇ ಶತಮಾನದ ಕ್ವಿಂಟಿಲಿಯನ್ ಇದಕ್ಕೆ ಹುಬ್ಬೇರಿಸಿದ. ಶಾಲೆಯಲ್ಲಿ ಆಟಕ್ಕೆ ಜಾಗವಿಲ್ಲದ್ದರಿಂದಲೇ ಅದಕ್ಕೆ ‘ಲೂಡುಸ್’, ಅಂದರೆ ಆಟ, ಎಂಬ ಹೆಸರು ಬಂತೆನ್ನುವ ವಾದಕ್ಕೂ ಹುಬ್ಬೇರಿಸಿದ. ಸ್ವತಃ ಮೇಷ್ಟ್ರಾಗಿದ್ದವನಿಗೆ ಈ ಎರಡನೆಯದರಲ್ಲಿ ಸಂಶಯ ಬಂದದ್ದು ಸೋಜಿಗ. ವರ್ಜಿಲನ ವ್ಯಾಖ್ಯಾನಕಾರ ಸರ್ವಿಯಸ್‌ಗಾದರೋ ಎಳ್ಳಷ್ಟೂ ಸಂಶಯವಿಲ್ಲ. ಯಾರನ್ನೂ ಉಳಿಸದ ವಿಧಿದೇವತೆಯರು ‘ಪಾರ್ಕೆ’, ಅಂದರೆ ಉಳಿಸುವವರು; ಚೆಲುವೇ ಇಲ್ಲದ ಯುದ್ಧ ‘ಬೆಲ್ಲುಮ್’, ಅಂದರೆ ಚೆಲುವಿನದು. ನಮ್ಮ ಆಲಂಕಾರಿಕರ ವಿಪರೀತ ಲಕ್ಷಣೆ ರೋಮಿಗೂ ಕಾಲಿಟ್ಟಂತಿದೆ. ಈ ನ್ಯಾಯವನ್ನೊಪ್ಪಿದರೆ ಯಾವ ಪದಕ್ಕೆ ಯಾವ ಪದ ಬೇಕಾದರೂ ತಂದೆಯಾದೀತು.

7ನೇ ಶತಮಾನದ ಬಿಷಪ್, ಸೆವಿಲ್ಲೆಯ ಇಸಿಡೋರ್, ಸಮಾಧಾನಪ್ರಿಯ. ಮರಗಳು ಬೆಳಕನ್ನು ತಡೆಯುವುದರಿಂದ ಆ ಹೆಸರು. ಪೂಜೆಗೆಂದು ಅಲ್ಲಿ ಹಚ್ಚಿದ ದೀಪಗಳಿಂದ ಬಂದಿದ್ದರೂ ಬಂದೀತು ಎಂದು ಬರೆದು ಕೈತೊಳೆದುಕೊಂಡ.

ಉತ್ತರಪಕ್ಷದವರು ಆಧುನಿಕ ಭಾಷಾವಿಜ್ಞಾನಿಗಳು. ಲೂಕುಸ್ ಎಂದರೆ ಮೂಲತಃ ಕಾಡಿನ ನಡುವೆ ಬೆಳಕು ಬೀಳುವ ಬಯಲು. ಲಿಥುವೇನಿಯನ್ನಿನ ‘ಲೌಕಸ್’ (ಹೊಲ), ಸಂಸ್ಕೃತದ ‘ಲೋಕ’ ಇದರ ದಾಯಾದಿಗಳು. ಅಲ್ಲಿಗೆ ಸರ್ವಿಯಸ್‌ನ ಉತ್ತರ ಸರಿ, ಲೆಕ್ಕ ಮಾತ್ರ ತಲೆಕೆಳಗು. ಅಂಕ ಕೊಡುವುದೋ ಬಿಡುವುದೋ, ಪರೀಕ್ಷಕರು ನಿರ್ಧರಿಸಲಿ.

ಇನ್ನುಳಿದದ್ದು ಶಾಸನಾಧಾರ. ಇಟಲಿಯ ಸ್ಪೊಲೇಟೊ ಬಳಿ ಸಿಕ್ಕ ಕ್ರಿಸ್ತಪೂರ್ವ ಕಾಲದ ಕಲ್ಲೊಂದರಲ್ಲಿ ಈ ಪದ ‘ಲೌಕೊಮ್’ ಎಂಬ ಹಳೆಯ ರೂಪದಲ್ಲಿದೆ. ಕಲ್ಲು ನಿಷ್ಪತ್ತಿಯ ಗೊಡವೆಗೇ ಹೋಗಿಲ್ಲ. ಈ ದೇವರಕಾಡನ್ನು ಯಾರೂ ಕೆಡಿಸಕೂಡದು, ಇಲ್ಲಿಯದನ್ನು ಗಾಡಿಯಲ್ಲಾಗಲಿ ಕೈಯಲ್ಲಾಗಲಿ ಹೊರಗೆ ಒಯ್ಯಕೂಡದು, ವರ್ಷದ ಬಲಿಯ ದಿನದ ಹೊರತು ಕಡಿಯಕೂಡದು ಎನ್ನುತ್ತದೆ. ಕೆಡಿಸಿದವನು ಜೂಪಿಟರನಿಗೆ ಪ್ರಾಯಶ್ಚಿತ್ತವಾಗಿ ಎತ್ತು ಕೊಡಬೇಕು. ತಿಳಿದೂ ದುರುದ್ದೇಶದಿಂದ ಕೆಡಿಸಿದರೆ ಎತ್ತಿನ ಮೇಲೆ 300 ಆಸ್ ದಂಡ.

ಗಾಡಿಗಟ್ಟಲೆ ವ್ಯಾಖ್ಯಾನ ಹೊತ್ತೊಯ್ದ, ಪದದ ಬೇರನ್ನೇ ಅಗೆದ ಪಂಡಿತರಿಗೂ ಇದು ಅನ್ವಯಿಸತಕ್ಕದ್ದೆಂದು ನಮ್ಮ ಸಿದ್ಧಾಂತ. ಸರ್ವಿಯಸ್ ಅರಿಯದೆ ಮಾಡಿದವನು, ಒಂದು ಎತ್ತಿಗೆ ಮುಗಿಯಿತು. ಪ್ರಸ್ತುತ ಪ್ರಬಂಧಕಾರನು ಎಲ್ಲವನ್ನೂ ತಿಳಿದೇ ಬರೆದಿರುವುದರಿಂದ ದಂಡವನ್ನೂ ತೆರಲು ಬದ್ಧನಾಗಿದ್ದಾನೆ; ಆಸ್ ನಾಣ್ಯ ಚಲಾವಣೆಗೆ ಬಂದ ಕೂಡಲೇ.