ನಿಕ್ಸ್ ಶಾಸನಗಳಲ್ಲಿ ಎಡಿಟರ್ ಪ್ರತಿಷ್ಠೆ: ಒಂದು ಲಿಪಿಶಾಸ್ತ್ರೀಯ ವಿವೇಚನೆ

ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ನಿಕ್ಸ್ ಶಾಸನಗಳನ್ನು ಸೇರಿಸದೆ ಬಿಟ್ಟದ್ದು ನಮ್ಮ ವಿದ್ವತ್ ಪರಂಪರೆಯ ದೊಡ್ಡ ಲೋಪ. ಆಗ ಅವು ಇರಲೇ ಇಲ್ಲ ಎಂಬ ಸಮಜಾಯಿಷಿ ಒಪ್ಪತಕ್ಕದ್ದಲ್ಲ. ಆ ಕೊರತೆ ನೀಗಲೆಂದು, ಬೆಂಗಳೂರಿನ ಒಂದು ಲ್ಯಾಪ್‌ಟಾಪಿನ 'ಸ್ಟೋರ್' ಎಂಬ ಫೋಲ್ಡರಿನಲ್ಲಿ ದೊರೆತ ಕಡತಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಲ್ಯಾಪ್‌ಟಾಪಿನ ಒಡೆಯ ಇನ್ನೂ ಬದುಕಿದ್ದಾನೆ. ಆದರೆ ಅವನನ್ನೇ ಕೇಳಿ ತಿಳಿಯುವುದು ಸಂಶೋಧನೆಯ ಘನತೆಗೆ ತಕ್ಕುದಲ್ಲವಾದ್ದರಿಂದ ಕೇಳಿಲ್ಲ.

ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರಿನ ಈ ಪಂಥ 2003ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಪ್ರವರ್ತಕರು ಎಲ್ಕೋ ಡೋಲ್‌ಸ್ಟ್ರಾ. 2006ರ ಅವರ ಪಿಎಚ್.ಡಿ. ಪ್ರಬಂಧವೇ ಮೂಲಗ್ರಂಥ. ಇಲ್ಲಿ ಪ್ರತಿಷ್ಠೆಗೊಳ್ಳುವ ಎಡಿಟರಾದ ನಿಯೊವಿಮ್‌ಗೂ ಅದೇ ನೆಲದ ನಂಟು: ಡಚ್ಚರಾದ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್‌ನಿಂದ 2014ರಲ್ಲಿ ಕವಲೊಡೆದದ್ದು ಅದು. ಬೇರೆ ಪದ್ಧತಿಗಳಲ್ಲಿ ಪ್ಲಗಿನ್ ಬೇಕಾದವನು ತಾನೇ ಇಳಿಸಿ, ತಾನೇ ಕೂರಿಸಿಕೊಳ್ಳುತ್ತಾನೆ. ಇಲ್ಲಿ ಹಾಗೆ ಕೈಹಾಕುವುದು ನಿಷಿದ್ಧ, ಸಾರುವುದಷ್ಟೇ ವಿಹಿತ. "ನಿಯೊವಿಮ್ ಉಂಟು, ಅದಕ್ಕೆ ಟೆಲಿಸ್ಕೋಪ್ ಉಂಟು, ಟ್ರೀಸಿಟ್ಟರ್ ಉಂಟು" ಎಂದು ಹೋಮ್ ಮ್ಯಾನೇಜರ್ ಎಂಬ ಅಧಿಕಾರಿಯ ಕಡತದಲ್ಲಿ ಬರೆದು 'ಸ್ವಿಚ್' ಅಂದರೆ ಸಾಕು, ಇಲ್ಲದ್ದೆಲ್ಲ ಇದ್ದದ್ದಾಗುತ್ತದೆ. ಅರಸರೂ ಕೆರೆ ಕಟ್ಟಿಸಿದ್ದು ಹೀಗೆಯೇ. ಮಣ್ಣು ಹೊತ್ತವರ ಹೆಸರು ಕಲ್ಲಿನ ಮೇಲಿಲ್ಲ.

ಲಿಪಿಯ ವಿಚಾರ. ಪ್ರತಿ ಶಾಸನದ ಹೆಸರಿಗೂ ಮುಂಚೆ 32 ಚಿಹ್ನೆಗಳ ಒಂದು ಬೀಜಾಕ್ಷರಮಾಲೆ ಇದೆ. ಇದರ ವರ್ಣಮಾಲೆಯಲ್ಲಿ 10 ಅಂಕಿ, 22 ಅಕ್ಷರ. ಇಂಗ್ಲಿಷಿನ ಇ, ಓ, ಟಿ, ಯು ಇಲ್ಲ. ಕಂಡರಿಸಿದವನಿಗೆ ಆ ನಾಲ್ಕು ಬರುತ್ತಿರಲಿಲ್ಲವೆಂದು ನಾವು ಮೊದಲು ಊಹಿಸಿದ್ದೆವು. ಮೂಲಗ್ರಂಥ ಬೇರೆಯೇ ಕಾರಣ ಕೊಡುತ್ತದೆ: ಯಂತ್ರ ಹೊಸೆಯುವ ಈ ಮಾಲೆಗಳಲ್ಲಿ ಅಕಸ್ಮಾತ್ತಾಗಿ ಬೈಗುಳ ಮೂಡದಿರಲೆಂದು ಕೈಬಿಟ್ಟದ್ದಂತೆ. ಕನ್ನಡದ ಬೈಗುಳಗಳಿಗೆ ಆ ನಾಲ್ಕು ಅಕ್ಷರಗಳ ಹಂಗೇ ಇಲ್ಲ ಎಂಬುದನ್ನು ಅನುಬಂಧದಲ್ಲಿ ಸೋದಾಹರಣವಾಗಿ ಸಾಧಿಸಿದ್ದೆವು. ಸಂಪಾದಕರು ಅನುಬಂಧವನ್ನು ಹಿಂದಿರುಗಿಸಿದ್ದಾರೆ.

ಕಾಲನಿರ್ಣಯ ಇನ್ನೂ ಜಟಿಲ. ಎಲ್ಲ ಕಡತಗಳ ಮೇಲೂ ಒಂದೇ ಮಿತಿ: 1970ರ ಜನವರಿ 1, ಭಾರತೀಯ ಕಾಲಮಾನದಂತೆ ಬೆಳಗಿನ 5 ಗಂಟೆ 30 ನಿಮಿಷ 1 ಸೆಕೆಂಡು. ಬೆಂಗಳೂರಿನ ಮಟ್ಟಿಗೆ ಇದು ಸಾಕ್ಷಾತ್ ಬ್ರಾಹ್ಮೀ ಮುಹೂರ್ತ. ನಿಯೊವಿಮ್ ತಾನು ಹುಟ್ಟುವುದಕ್ಕೆ 44 ವರ್ಷ ಮೊದಲೇ ಈ ಲ್ಯಾಪ್‌ಟಾಪಿನಲ್ಲಿ ನೆಲೆಗೊಂಡಿತ್ತೆಂದು ಇದರಿಂದ ಸಿದ್ಧವಾಗುತ್ತದೆ. ಕಾಲಭೇದದಿಂದ ಕಡತಭೇದ ಆಗದಿರಲೆಂದು ಎಲ್ಲಕ್ಕೂ ಒಂದೇ ಮುದ್ರೆ ಒತ್ತುತ್ತಾರೆಂದು ಕೆಲವು ಎಂಜಿನಿಯರುಗಳು ಹೇಳುತ್ತಾರೆ. ಆ ವಿವರಣೆ ಸರಿಯಾದುದೇ, ಆದರೆ ಸಂಶೋಧನೆಗೆ ಅದರಿಂದ ಉಪಯೋಗವಿಲ್ಲ.

ಈ ವಾಙ್ಮಯದ ನಿಜವಾದ ಸೊಗಸಿರುವುದು ಶಾಪಾಶಯದಲ್ಲಿ. ನಮ್ಮ ಹಳೆಯ ಶಾಸನಗಳು ದತ್ತಿ ಅಳಿದವನನ್ನು ನರಕಕ್ಕೆ ಕಳಿಸಿ ಸುಮ್ಮನಾಗುತ್ತಿದ್ದವು. ಅಳಿಯುವುದಂತೂ ಅಳಿಯಬಹುದಿತ್ತು. ಇಲ್ಲಿ ಅದೂ ಆಗದು: ಸ್ಟೋರ್ ಓದಲಿಕ್ಕೆ ಮಾತ್ರ. ಲೇಜಿ ಎಂಬ ಪ್ಲಗಿನ್ ಮ್ಯಾನೇಜರ್ ತನ್ನ ಲಾಕ್ ಕಡತವನ್ನು ಎಡಿಟರಿನ ಕಾನ್ಫಿಗ್ ಫೋಲ್ಡರಿನಲ್ಲೇ ಬರೆಯುವ ಅಭ್ಯಾಸದ್ದು. ಆ ಫೋಲ್ಡರನ್ನೇ ಸ್ಟೋರಿಗೆ ಕೊಂಡಿ ಹಾಕಿಟ್ಟಿದ್ದರೆ ಬಡಪಾಯಿ ಕಲ್ಲಿಗೆ ಪೆನ್ಸಿಲ್ ಗೀಚಿ ಸೋಲುತ್ತದೆ.

ಹೊರಗಿನ ಪ್ಲಗಿನ್ ಒಂದನ್ನು ಗಿಟ್‌ಹಬ್‌ನಿಂದ ತರಿಸುವ ವಿಧಿಯಂತೂ ಅನನ್ಯ. ಅದರ ಹ್ಯಾಶ್, ಅಂದರೆ ಒಳಗಿನದನ್ನು ಅಳೆದು ಪಡೆದ ಗುರುತು, ಏನೆಂದು ಮುಂಚಿತವಾಗಿ ಸಾರಬೇಕು. ತರುವ ಮುನ್ನ ಅದು ತಿಳಿದಿರುವುದಿಲ್ಲ. ಆದ್ದರಿಂದ ಸಾಧಕನು 'ಫೇಕ್‌ಹ್ಯಾಶ್' ಎಂದು ಬರೆಯುತ್ತಾನೆ, ಅಂದರೆ ಸಾಲಾಗಿ 43 ಸಲ 'ಎ', ಕೊನೆಗೊಂದು ಸಮಚಿಹ್ನೆ. ಯಂತ್ರ ಪ್ಲಗಿನ್ ಇಳಿಸಿ, ಅಳೆದು, ಕೆಂಪಕ್ಷರದಲ್ಲಿ ಶಪಿಸುತ್ತದೆ: ನೀನು ಹೇಳಿದ್ದು ಇದು, ನನಗೆ ಸಿಕ್ಕಿದ್ದು ಇದು. ಸಾಧಕ ಆ ಎರಡನೆಯ ಸಾಲನ್ನು ಕಾಪಿ ಮಾಡಿ, 'ಎ'ಗಳಿದ್ದಲ್ಲಿ ಅಂಟಿಸಿ, ಮತ್ತೆ 'ಸ್ವಿಚ್' ಅನ್ನುತ್ತಾನೆ. ಬೇಕೆಂದೇ ಸುಳ್ಳು ಹೇಳಿ, ಬೈಸಿಕೊಂಡು, ಬೈದವನ ಬಾಯಿಂದಲೇ ನಿಜ ಬರೆದುಕೊಳ್ಳುವ ಈ ಪ್ರಮಾಣವನ್ನು ನೈಯಾಯಿಕರು ಗುರುತಿಸಿಲ್ಲ.

ಫ್ಲೇಕ್ ಎಂಬ ಉಪಪಂಥವೂ ಇದೆ. 2021ರಲ್ಲಿ ಬಂದ ನಿಕ್ಸ್‌ನ 2.4ನೇ ಆವೃತ್ತಿ ಅದನ್ನು 'ಪ್ರಾಯೋಗಿಕ' ಎಂಬ ಹಣೆಪಟ್ಟಿಯೊಂದಿಗೇ ಹೊರತಂದಿತು. ಗಿಟ್‌ನ ಮಡಿಲಲ್ಲಿರುವ ಫ್ಲೇಕ್‌ಗೆ, ಗಿಟ್‌ಗೆ ಸೇರಿಸದ ಕಡತ ಕಣ್ಣೆದುರು ಇದ್ದರೂ ಇಲ್ಲ. ಅಚ್ಚಾಗದ ಶಾಸನವನ್ನು ಇಲ್ಲವೆಂದೇ ಎಣಿಸುವ ನಮ್ಮ ವಿಭಾಗಗಳಿಗೆ ಈ ದರ್ಶನ ಹೊಸದಲ್ಲ.

ಇಷ್ಟೆಲ್ಲ ವೈಭವದಿಂದ ಪ್ರತಿಷ್ಠಾಪಿಸಿದ ಎಡಿಟರಿನಿಂದ ಬರೆದದ್ದಾದರೂ ಏನು? ಲಭ್ಯ ಆಧಾರಗಳಂತೆ, ಆ ಎಡಿಟರು ಉಂಟೆಂದು ಸಾರುವ ಕಡತವನ್ನು. ತಲೆಮಾರಿನ ಮೇಲೆ ತಲೆಮಾರು ಸಂದರೂ ಅದೊಂದೇ ಕಡತ ತಿದ್ದಿಸಿಕೊಳ್ಳುತ್ತ ಬಂದಿದೆ: ಒಮ್ಮೆ ಬಣ್ಣ, ಒಮ್ಮೆ ಫಾಂಟು, ಮತ್ತೆ ಹಳೆಯ ಬಣ್ಣ. ಬೇರೆ ಬರಹವೆಂದು ಸಿಕ್ಕಿದ್ದು ನೀರಿನ ಟ್ಯಾಂಕರ್ ಬರಲಿಲ್ಲವೆಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಬರೆದ ದೂರಿನ ಕರಡು ಮಾತ್ರ. ಅದನ್ನು, ಟರ್ಮಿನಲ್ಲಿನ ಹಿಸ್ಟರಿ ಹೇಳುವಂತೆ, ಯಾರೂ ಸಾರದಿದ್ದರೂ ಇದೇ ಪಂಥದ ಕಾರ್ಯಾಚರಣ ವ್ಯವಸ್ಥೆಯಾದ ನಿಕ್ಸ್‌ಓಎಸ್ ತಾನಾಗಿ ಕೊಟ್ಟಿರುವ ಎಡಿಟರಾದ ನ್ಯಾನೊದಲ್ಲಿ ಬರೆಯಲಾಗಿದೆ.