ಸುಂಕದವನ ಮುಂದೆ ಚಕ್ರವರ್ತಿಗಳು

1346 ದಿಗ್ವಿಜಯಕ್ಕೆ ಹೇಳಿ ಮಾಡಿಸಿದ ವರ್ಷ. ಅತ್ತ ಸೆರ್ಬಿಯದ ದೊರೆ ಸ್ಟೆಫಾನ್ ದುಶಾನ್ ಸ್ಕೋಪ್ಯೆಯಲ್ಲಿ ಚಕ್ರವರ್ತಿಯಾದ. ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಗುರು ತನಗೆ ಕಿರೀಟ ತೊಡಿಸುವವನಲ್ಲ ಎಂಬುದು ಗೊತ್ತಿತ್ತಲ್ಲ, ಮೊದಲು ತನ್ನ ಆರ್ಚ್‌ಬಿಷಪ್ಪನಿಗೆ ಬಡ್ತಿ ಕೊಟ್ಟು ಆ ಕೈಯಿಂದಲೇ ತೊಡಿಸಿಕೊಂಡ. ಇತ್ತ ವಿಜಯನಗರದ ಹರಿಹರ ಮತ್ತು ಸೋದರರು, ಮೂಡಣ ಕಡಲಿನಿಂದ ಪಡುವಣ ಕಡಲಿನವರೆಗೆ ಗೆದ್ದೆವೆಂದು ಶೃಂಗೇರಿಯಲ್ಲಿ ವಿಜಯೋತ್ಸವ ಮಾಡಿ ಮಠಕ್ಕೆ ಭೂಮಿ ಬರೆದುಕೊಟ್ಟರು. ಬೈಜಾಂಟಿಯಂನಲ್ಲಿ ದಾಯಾದಿ ಜಗಳ ನಡೆದಾಗ ದುಶಾನ್ ಬೇಲಿ ಸರಿಸಿದ್ದ. ಹೊಯ್ಸಳ ಬಲ್ಲಾಳ ಮಧುರೆಯ ಸುಲ್ತಾನನ ಕೈಯಲ್ಲಿ ಸತ್ತ ಮೇಲೆ ಇವರೂ ಸರಿಸಿದರು. ಬೇಲಿ ಕರಾವಳಿಯ ಬಾರ್ಕೂರಿಗೆ ಬಂತು. ಕೋಟೆ ಎದ್ದಿತು, ಅಧಿಕಾರಿ ಕೂತ.

ಅದಕ್ಕೆ ನಾಲ್ಕೈದು ವರ್ಷ ಮೊದಲು ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಬಾರ್ಕೂರಿನ ದೊರೆಗೆ 30 ಯುದ್ಧನೌಕೆಗಳಿದ್ದವಂತೆ. ಹಾದುಹೋಗುವ ಹಡಗು ಬಂದರಿಗೆ ಬಂದು ಸುಂಕ ಕಟ್ಟಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಎಳೆತಂದು ದುಪ್ಪಟ್ಟು ವಸೂಲಿ. ಬ್ರಹ್ಮಾವರದಿಂದ ಕುಂದಾಪುರಕ್ಕೆ ಕಾರಿನಲ್ಲಿ ಹೋಗುವವರಿಗೆ ಇದು ಹೊಸದಲ್ಲ. ಸಾಸ್ತಾನದ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಚಾಚಿದರೆ ಅದೇ ಲೆಕ್ಕ. "ಡಬ್ಬಲ್ ಎಂತಕ್ ಮರಾಯ್ರೆ?" ಎಂದು ಕೇಳಿ ನೋಡಿ, ಹಿಂದಿನ ಲಾರಿಯೇ ಹಾರ್ನ್ ಹೊಡೆದು ಉತ್ತರ ಹೇಳುತ್ತದೆ. ಬೈಂದೂರಿನವರು ಮುನಿಸಿಕೊಳ್ಳಬೇಕಿಲ್ಲ, ಅವರಿಗೆ ಶಿರೂರಿನ ಟೋಲ್‌ಗೇಟಿದೆ.

ಇದೇ ಕರಾವಳಿಯ ಅಕ್ಕಿಯ ಬಂದರು ಬಸ್ರೂರನ್ನು 1569ರಲ್ಲಿ ಪೋರ್ಚುಗೀಸರು ಗೆದ್ದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲದಾರಿಯಲ್ಲಿ ಬಂದು ಕೊಳ್ಳೆಹೊಡೆದು ಹೋದ. ಶಿವಾಜಿ ಪೋರ್ಚುಗೀಸರಿಂದ ಊರು ಬಿಡಿಸಿದ ಎಂಬ ಕಥೆ ಈಗ ಮೊಬೈಲಿನಿಂದ ಮೊಬೈಲಿಗೆ ಓಡುತ್ತಿದೆ. ಪೋರ್ಚುಗೀಸರು ಗಂಟುಮೂಟೆ ಕಟ್ಟಿ ಆಗಲೇ ಹತ್ತು ವರ್ಷ ದಾಟಿತ್ತು. ಇಲ್ಲದವರಿಂದ ಬಿಡಿಸಿಕೊಂಡ ಬಿಡುಗಡೆಗೆ ಜಯಕಾರ ಹಾಕುವುದು ಸುಲಭ, ಎದುರಾಳಿ ಜಗಳಕ್ಕೆ ಬರುವುದಿಲ್ಲ. ಶಿವಪ್ಪ ನಾಯಕನಿಗೆ ಫಾರ್ವರ್ಡ್ ಮಾಡುವ ಗುಂಪಿಲ್ಲ ಪಾಪ. ಬಂದವರೆಲ್ಲರ ಕೈಯಲ್ಲಿ ಒಂದೊಂದು ಧರ್ಮದ ಬಾವುಟ, ಕಣ್ಣು ಮಾತ್ರ ಅಕ್ಕಿ ಮುಡಿಯ ಮೇಲೆ. ಬಸ್ರೂರಿನ ಸೆಟ್ಟಿ ಬಾವುಟ ನೋಡದೆ ಎಲ್ಲರಿಗೂ ಅಳೆದುಕೊಟ್ಟ.

ಅತ್ತ ಸೆರ್ಬಿಯದಲ್ಲಿ ದುಶಾನ್ ಈ ಸುಂಕದ ವಿಷಯದಲ್ಲೇ ಎಡವಿದ. 1349ರಲ್ಲಿ ಕಾನೂನು ಸಂಹಿತೆ ಹೊರಡಿಸಿ, ವ್ಯಾಪಾರಿಯನ್ನು ಸುಂಕದವನು ಅಡ್ಡಗಟ್ಟಿ ನಿಲ್ಲಿಸಕೂಡದು ಎಂದು ಬರೆಸಿಬಿಟ್ಟ. 1355ರಲ್ಲಿ ಅವನು ಸತ್ತದ್ದೇ ತಡ, ಸಾಮ್ರಾಜ್ಯ ಚೂರುಚೂರಾಯಿತು. ಮತ್ತೆ, ಅಂಥದ್ದನ್ನೆಲ್ಲ ಬರೆಸಿದರೆ ಯಾವ ಸಾಮ್ರಾಜ್ಯ ಉಳಿದೀತು?